ಮನೆಯ ದೂರವಾಣಿಗೆ ಉತ್ತರಯಂತ್ರ

ಲಕ್ಕೂರು ಹೋಬಳಿಯ ಊರುಗಳಲ್ಲಿ ವೃದ್ಧ ದಂಪತಿಗಳಿಬ್ಬರೇ ಇರುವ ಮನೆಗಳು ಇಂದು ಅಪರೂಪವಲ್ಲ. ಮಕ್ಕಳು ಬೆಂಗಳೂರಿನಲ್ಲೋ ಹೊಸೂರಿನ ಕಾರ್ಖಾನೆಗಳಲ್ಲೋ ಕಡಲಾಚೆಯಲ್ಲೋ ನೆಲೆಸಿರುತ್ತಾರೆ. ದೂರವಾಣಿಯ ಗಂಟೆ ಬಾರಿಸುವ ಹೊತ್ತಿಗೆ ತಾಯಿ ಹಿತ್ತಿಲಲ್ಲಿ, ತಂದೆ ತೋಟದಲ್ಲಿ. ಓಡಿ ಬರುವಷ್ಟರಲ್ಲಿ ಕರೆ ನಿಂತಿರುತ್ತದೆ. ಕರೆದವರು ಯಾರು, ಸುದ್ದಿ ಶುಭವೋ ಅಶುಭವೋ ಎಂಬ ಕಳವಳದಲ್ಲಿಯೇ ಆ ದಿನ ಕಳೆಯುತ್ತದೆ. ಅತ್ತ ಕರೆ ಮಾಡಿದ ಮಗನಿಗೂ ಅದೇ ಕಳವಳ. ಮೊಬೈಲು ಉಂಟಲ್ಲ ಎನ್ನಬಹುದು. ಕಣ್ಣು ಮಂಜಾದವರಿಗೆ, ಬೆರಳು ನಡುಗುವವರಿಗೆ ಗೋಡೆಯ ಪಕ್ಕದ ಸ್ಥಿರ ದೂರವಾಣಿಯೇ ಇನ್ನೂ ನೆಚ್ಚಿನದು. ಅಂಥ ಮನೆಗೆ, ಕರೆದವರ ಸಂಖ್ಯೆಯನ್ನು ತೋರಿಸಿ ಅವರ ಮಾತನ್ನೂ ಹಿಡಿದಿಡುವ ಉತ್ತರಯಂತ್ರವು ತಕ್ಕ ಉಪಕರಣ.

ಧ್ವನಿಯನ್ನು ಉಕ್ಕಿನ ತಂತಿಯ ಮೇಲೆ ಕಾಂತಶಕ್ತಿಯಿಂದ ದಾಖಲಿಸುವ ಉಪಾಯವನ್ನು ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್ 1898ರಲ್ಲಿಯೇ ಕಂಡುಹಿಡಿದಿದ್ದನು. ಕರೆದವರ ಸಂಖ್ಯೆ ಕಾಣಲು ಮಾತ್ರ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಹಳ್ಳಿಗಳವರೆಗೆ ಬರಬೇಕಾಯಿತು. ಆ ಬದಲಾವಣೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. 1948ರಲ್ಲಿ ಆರಂಭವಾದ ಐ.ಟಿ.ಐ. ಕಾರ್ಖಾನೆಯ ದೂರವಾಣಿನಗರ ಇರುವುದು ಕೋಲಾರದತ್ತ ಸಾಗುವ ಹಳೆಯ ಮದ್ರಾಸು ರಸ್ತೆಯಲ್ಲಿಯೇ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯ 128 ಮಾರ್ಗಗಳ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕಾರ್ಯಾರಂಭ ಮಾಡಿದ್ದು ಕಿತ್ತೂರಿನಲ್ಲಿ.

ಯಂತ್ರದ ಅಳವಡಿಕೆ ಕಷ್ಟವಲ್ಲ. ಗೋಡೆಯಿಂದ ಬಂದ ತಂತಿಯನ್ನು 'ಲೈನ್' ಎಂದು ಬರೆದ ರಂಧ್ರಕ್ಕೂ, ದೂರವಾಣಿ ಬೇರೆಯಾಗಿದ್ದರೆ ಅದರ ತಂತಿಯನ್ನು 'ಫೋನ್' ಎಂಬ ರಂಧ್ರಕ್ಕೂ ಸೇರಿಸಬೇಕು. ಫೈಬರು ಬಂದಿರುವ ಮನೆಗಳಲ್ಲಿ ಗೋಡೆಯ ತಂತಿಯ ಬದಲು ಫೈಬರ್ ಪೆಟ್ಟಿಗೆಯ ದೂರವಾಣಿ ರಂಧ್ರದಿಂದ ತಂತಿ ಎಳೆಯುವುದು. ಇಲ್ಲೊಂದು ವ್ಯತ್ಯಾಸವುಂಟು. ತಾಮ್ರದ ತಂತಿಯ ದೂರವಾಣಿಗೆ ಎಕ್ಸ್‌ಚೇಂಜಿನ ಬ್ಯಾಟರಿಯೇ ಶಕ್ತಿ ಕೊಡುವುದರಿಂದ ಮನೆಯಲ್ಲಿ ಕರೆಂಟು ಹೋದರೂ ಅದು ಮಾತಾಡುತ್ತದೆ; ಫೈಬರ್ ಪೆಟ್ಟಿಗೆಯೂ ಉತ್ತರಯಂತ್ರವೂ ಹಾಗಲ್ಲ. ಕರೆಂಟು ಪದೇ ಪದೇ ಹೋಗುವ ಊರಿನಲ್ಲಿ ಸಣ್ಣದೊಂದು ಯು.ಪಿ.ಎಸ್. ಇಲ್ಲದೆ ಇವನ್ನು ನಂಬುವಂತಿಲ್ಲ.

ಸಂಖ್ಯೆ ಕಾಣಬೇಕಾದರೆ ದೂರವಾಣಿ ಕಚೇರಿಯಲ್ಲಿ ಆ ಸೌಲಭ್ಯವನ್ನು ತೆರೆಸಿಕೊಂಡಿರಬೇಕು. ಸಂಖ್ಯೆಯನ್ನು ಕಳುಹಿಸುವ ಪದ್ಧತಿಗಳು ಎರಡು. ಎಫ್.ಎಸ್.ಕೆ. ಪದ್ಧತಿಯಲ್ಲಿ ಅದು ಸಾಮಾನ್ಯವಾಗಿ ಮೊದಲ ಗಂಟೆಗೂ ಎರಡನೆಯದಕ್ಕೂ ನಡುವಿನ ಮೌನದಲ್ಲಿ ಬರುತ್ತದೆ. ಮೊದಲ ಗಂಟೆಗೇ ಫೋನು ಎತ್ತುವ ಮನೆಯವರು ಸಂಖ್ಯೆ ಕಾಣಲಿಲ್ಲವೆಂದು ಯಂತ್ರವನ್ನು ದೂರುವುದು ಈ ಕಾರಣದಿಂದಲೇ. ಡಿ.ಟಿ.ಎಂ.ಎಫ್. ಎಂಬುದು ಇನ್ನೊಂದು. ಎರಡನ್ನೂ ಅರಿಯುವ ಯಂತ್ರವನ್ನೇ ಕೊಳ್ಳುವುದು ಕ್ಷೇಮ.

ಶಾಲೆಯಲ್ಲಿ ಓದಿ ಅಮೆರಿಕ ಸೇರಿದವರು ಪ್ರೀತಿಯಿಂದ ಅಲ್ಲಿಂದ ಯಂತ್ರ ತಂದು ಮನೆಯಲ್ಲಿಡುವುದುಂಟು. ಅದು ಬೇಡ. ಅಲ್ಲಿನ ವಿದ್ಯುತ್ತು 120 ವೋಲ್ಟು, ಇಲ್ಲಿ 230. ಅಲ್ಲಿನ ಅಡಾಪ್ಟರನ್ನು ನೇರವಾಗಿ ಸೇರಿಸಿದರೆ ಒಂದೇ ಗಳಿಗೆಯಲ್ಲಿ ಸುಟ್ಟುಹೋಗಬಹುದು. ಅಲ್ಲಿನ ಡೆಕ್ಟ್ ತಂತಿರಹಿತ ಫೋನುಗಳು ಬಳಸುವ 1920ರಿಂದ 1930 ಮೆಗಾಹರ್ಟ್ಸ್ ತರಂಗಗಳು ಇಲ್ಲಿ ಮೊಬೈಲು ಸೇವೆಗೆ ಮೀಸಲು. ಇಲ್ಲಿಯ ಮಾರ್ಗದಲ್ಲಿ ಕರೆ ಮುಗಿದುದನ್ನು ಅಂಥ ಯಂತ್ರವು ಅರಿಯದೆ, ಎಕ್ಸ್‌ಚೇಂಜಿನ ಕೂಗನ್ನೇ ಸಂದೇಶವೆಂದು ದಾಖಲಿಸುತ್ತ ಕುಳಿತಿರುವುದೂ ಉಂಟು.

ಎಷ್ಟು ಗಂಟೆಗಳ ನಂತರ ಯಂತ್ರ ಉತ್ತರಿಸಬೇಕೆಂಬುದನ್ನು ಮನೆಯವರೇ ಗೊತ್ತುಮಾಡಬಹುದು. ವಯಸ್ಸಾದವರಿರುವೆಡೆ ಯಂತ್ರವು ಅನುಮತಿಸುವ ಗರಿಷ್ಠ ಸಂಖ್ಯೆಯನ್ನೇ ಇಡುವುದು ಲೇಸು. ಹಿತ್ತಿಲಿನಿಂದ ಬರುವ ತಾಯಿಗಿಂತ ಮುಂಚೆ ಯಂತ್ರ ಮಾತಾಡಿದರೆ ಅದರಿಂದ ಉಪಕಾರವೇನು?

ಇವೆಲ್ಲಕ್ಕಿಂತ ಮುಖ್ಯವಾದುದು ಯಂತ್ರದಲ್ಲಿ ತುಂಬಿಡುವ ಸ್ವಾಗತದ ಮಾತು. ಕಾರ್ಖಾನೆಯಲ್ಲಿ ತುಂಬಿದ ಇಂಗ್ಲಿಷ್ ಧ್ವನಿಯನ್ನು ಹಾಗೆಯೇ ಬಿಟ್ಟರೆ ಕರೆದ ಹಳ್ಳಿಯವರು ಅದನ್ನು ಎಕ್ಸ್‌ಚೇಂಜಿನ ಪ್ರಕಟಣೆಯೆಂದೇ ತಿಳಿದು ಫೋನು ಇಡುತ್ತಾರೆ. ಮನೆಯವರದೇ ಧ್ವನಿ ಇರಬೇಕು, ಮಾತು ನಿಧಾನವಾಗಿರಬೇಕು: "ನಮಸ್ಕಾರ. ಇದು ಲಕ್ಕೂರಿನ ನಮ್ಮ ಮನೆ. ಈಗ ಫೋನು ಎತ್ತಲಾಗುತ್ತಿಲ್ಲ. ಕೂಗು ಕೇಳಿದ ಮೇಲೆ ತಮ್ಮ ಹೆಸರು, ಊರು, ಬಂದ ವಿಷಯ ಹೇಳಿ. ಅವಸರವಿಲ್ಲ." ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಬೀಗರು ತೆಲುಗಿನವರಾದರೆ ಅದೇ ಮಾತನ್ನು ತೆಲುಗಿನಲ್ಲಿಯೂ ಒಮ್ಮೆ ಹೇಳಿಟ್ಟರೆ ಸಾಕು. "ಮನೆಯಲ್ಲಿ ಯಾರೂ ಇಲ್ಲ" ಎಂದು ಮಾತ್ರ ಎಂದಿಗೂ ಹೇಳಬಾರದು. ಅದು ಕಳ್ಳನಿಗೆ ಕೊಟ್ಟ ಆಹ್ವಾನ.

ಸಂಖ್ಯೆ ಕಂಡ ಮಾತ್ರಕ್ಕೆ ಮನುಷ್ಯನ ಗುರುತು ಸಿಕ್ಕಿತೆಂದು ಭಾವಿಸಲಾಗದು. 08151 ಎಂದು ಆರಂಭವಾದರೆ ಮಾಲೂರು ತಾಲ್ಲೂಕಿನ ಸ್ಥಿರ ದೂರವಾಣಿ ಎನ್ನಬಹುದು, ಅಷ್ಟೆ. ಹೊರದೇಶದಿಂದ ಕರೆದು ಇಲ್ಲಿನ ಸಂಖ್ಯೆಯನ್ನೇ ತೋರಿಸುವ ವಂಚಕರಿದ್ದಾರೆ; ಅಂಥ ಕರೆಗಳನ್ನು ತಡೆಯಲು ದೂರಸಂಪರ್ಕ ಇಲಾಖೆಯು 2024ರ ಅಕ್ಟೋಬರಿನಲ್ಲಿ ಪ್ರತ್ಯೇಕ ವ್ಯವಸ್ಥೆಯನ್ನೇ ಆರಂಭಿಸಬೇಕಾಯಿತು. ಪೊಲೀಸರೆಂದೋ ಬ್ಯಾಂಕಿನವರೆಂದೋ ಹೆದರಿಸುವವರ ಎದುರು ಉತ್ತರಯಂತ್ರವು ವೃದ್ಧರಿಗೆ ಒಳ್ಳೆಯ ಕಾವಲುಗಾರ. ಅಪರಿಚಿತ ಸಂಖ್ಯೆ ಕಂಡಾಗ ಯಂತ್ರವೇ ಮಾತಾಡಲೆಂದು ಬಿಟ್ಟು, ಕರೆದವರ ಧ್ವನಿಯನ್ನು ಯಂತ್ರದ ಸ್ಪೀಕರಿನಲ್ಲಿ ಕೇಳಿ, ಗುರುತು ಹತ್ತಿದರೆ ಆಗ ಎತ್ತಬಹುದು. ಮೋಸದಿಂದ ಹಣ ಹೋದಲ್ಲಿ 1930ಕ್ಕೆ ಕೂಡಲೇ ದೂರು ಕೊಡಬೇಕು.

ದೂರದಲ್ಲಿರುವ ಮಕ್ಕಳೂ ಮನೆಯ ಸಂಖ್ಯೆಗೆ ಕರೆದು, ಗುಪ್ತ ಅಂಕಿಗಳನ್ನು ಒತ್ತಿ ಸಂದೇಶಗಳನ್ನು ಕೇಳಬಹುದು. ಯಂತ್ರದೊಡನೆ ಬಂದ ಅಂಕಿಗಳು ಆ ಮಾದರಿಯ ಎಲ್ಲ ಯಂತ್ರಗಳಲ್ಲಿಯೂ ಒಂದೇ ಆಗಿರುವ ಸಂಭವವಿರುವುದರಿಂದ ಮೊದಲ ದಿನವೇ ಅವನ್ನು ಬದಲಿಸಬೇಕು. ಕೇಳಿ ಮುಗಿದ ಸಂದೇಶಗಳನ್ನು ವಾರಕ್ಕೊಮ್ಮೆ ಅಳಿಸದಿದ್ದರೆ ಜಾಗ ತುಂಬಿ, ಹೊಸ ಸಂದೇಶಕ್ಕೆ ಎಡೆಯಿರುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ಮೋಡ ಕವಿಯುತ್ತಿದ್ದಂತೆಯೇ ಕರೆಂಟಿನ ಪ್ಲಗ್ಗನ್ನೂ ದೂರವಾಣಿಯ ತಂತಿಯನ್ನೂ ಎರಡನ್ನೂ ಕೀಳಬೇಕು. ಒಂದನ್ನು ಕಿತ್ತು ಇನ್ನೊಂದನ್ನು ಬಿಟ್ಟರೆ ಸಿಡಿಲು ಬಿಟ್ಟ ದಾರಿಯಲ್ಲಿಯೇ ಬರುತ್ತದೆ.