ಅಗ್ಗದ ಸಂಗೀತ ಪ್ಲೇಯರ್: ಲಾಭದ ಲೆಕ್ಕ, ಹೊಣೆಯ ಲೆಕ್ಕ

1998ರಲ್ಲಿ ದಕ್ಷಿಣ ಕೊರಿಯಾದ ಸೇಹಾನ್ ಸಂಸ್ಥೆಯು ‘ಎಂಪಿಮ್ಯಾನ್’ ಎಂಬ ಜೇಬಿನ ಸಂಗೀತ ಪ್ಲೇಯರನ್ನು ಮಾರುಕಟ್ಟೆಗೆ ತಂದಾಗ ಅದರ ಸಾಮರ್ಥ್ಯ 32 ಎಂ.ಬಿ. ಮಾತ್ರ, ಸುಮಾರು ಅರ್ಧ ಗಂಟೆಯ ಸಂಗೀತಕ್ಕಷ್ಟೇ ಅದರಲ್ಲಿ ಸ್ಥಳವಿತ್ತು. 2005ರಲ್ಲಿ ಆಪಲ್ ಸಂಸ್ಥೆಯು ಪರದೆಯೇ ಇಲ್ಲದ ಐಪಾಡ್ ಶಫಲನ್ನು 99 ಡಾಲರಿಗೆ ಬಿಡುಗಡೆ ಮಾಡಿತು. 2022ರ ಮೇ ತಿಂಗಳಲ್ಲಿ ಅದೇ ಸಂಸ್ಥೆ ಐಪಾಡ್ ತಯಾರಿಕೆಯನ್ನೇ ಕೈಬಿಟ್ಟಿತು. ಅದರ ಕೆಲಸವನ್ನೆಲ್ಲ ಮೊಬೈಲ್ ಫೋನು ವಹಿಸಿಕೊಂಡಿತ್ತು.

ಆದರೆ ಬೇಡಿಕೆ ಪೂರ್ಣವಾಗಿ ಬತ್ತಲಿಲ್ಲ. 5000 ಹಾಡುಗಳನ್ನು ತುಂಬಿಕೊಂಡು 2017ರಲ್ಲಿ ಬಂದ ಸರೆಗಮ ಸಂಸ್ಥೆಯ ‘ಕಾರವಾನ್’ ಹಿರಿಯರ ಮನೆಗಳಲ್ಲಿ ಕಂಡ ಯಶಸ್ಸೇ ಇದಕ್ಕೆ ನಿದರ್ಶನ. ಗುಂಡಿ ಒತ್ತಿದರೆ ಹಾಡು. ಅಂತರ್ಜಾಲದ ಗೊಡವೆಯಿಲ್ಲ, ನಡುವೆ ಕರೆಯ ಕಾಟವಿಲ್ಲ. ಇದೇ ಅನುಕೂಲವನ್ನು ಮೆಮೊರಿ ಕಾರ್ಡ್ ಹಾಕುವ ಕಿರು ಪ್ಲೇಯರ್ ಕೆಲವು ನೂರು ರೂಪಾಯಿಗಳಿಗೆ ಒದಗಿಸುತ್ತದೆ. ಸಾಧಾರಣ ಗುಣಮಟ್ಟದ ಎಂಪಿ3 ಹಾಡಿಗೆ ನಿಮಿಷಕ್ಕೆ ಸುಮಾರು ಒಂದು ಎಂ.ಬಿ. ಹಿಡಿಯುವುದರಿಂದ ಒಂದು ಜಿ.ಬಿ.ಯಲ್ಲಿ ಸುಮಾರು 250 ಹಾಡುಗಳು ಕೂಡುತ್ತವೆ. ಗ್ರಾಹಕನ ದೃಷ್ಟಿಯಿಂದ ಇದು ಕೆಟ್ಟ ವ್ಯಾಪಾರವಲ್ಲ. ಧ್ವನಿ ಸಾಧಾರಣ, ಬ್ಯಾಟರಿ ಸತ್ತರೆ ದುರಸ್ತಿ ಕಷ್ಟ ಎಂಬುದನ್ನು ಆತ ಬೆಲೆ ನೋಡಿಯೇ ಒಪ್ಪಿಕೊಂಡಿರುತ್ತಾನೆ.

ವರ್ತಕನ ಲೆಕ್ಕ ಇಷ್ಟು ಸರಳವಲ್ಲ. ಉದಾಹರಣೆಗೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಸಗಟು ಮಳಿಗೆಯಿಂದ ಜಿಲ್ಲಾ ಕೇಂದ್ರದ ಅಂಗಡಿಯೊಂದು ತಲಾ 500 ರೂ.ಗಳಂತೆ ನೂರು ಪ್ಲೇಯರುಗಳನ್ನು ತರಿಸಿ, 650 ರೂ.ಗಳಿಗೆ ಮಾರಲು ಇಟ್ಟಿತೆನ್ನೋಣ. ಕಾಗದದ ಮೇಲಿನ ಲಾಭ 15,000 ರೂ. ಅವುಗಳಲ್ಲಿ ಆರು ಕೆಟ್ಟು ಹಿಂದಿರುಗಿ, ಗ್ರಾಹಕರಿಗೆ ಹಣ ಮರಳಿಸಬೇಕಾಗಿ, ಸಗಟುದಾರ ಬದಲಿ ಕೊಡಲಿಲ್ಲ. ಹೊಸ ಮಾದರಿ ಬಂದುದರಿಂದ ಇಪ್ಪತ್ತನ್ನು 350 ರೂ.ಗಳಂತೆ ತೀರಿಸಬೇಕಾಯಿತು. ಒಟ್ಟು ಮಾರಾಟ 55,100 ರೂ.; ಉಳಿದದ್ದು 5,100 ರೂ. ಬಾಡಿಗೆ, ಬಡ್ಡಿ, ಸಂಬಳಗಳು ಇದರಿಂದಲೇ ಹೋಗಬೇಕು. ವರ್ಷಾಂತ್ಯದಲ್ಲಿ ಇಂಥ ಸರಕು ಕಪಾಟಿನಲ್ಲಿದ್ದರೆ ಕೊಂಡ ಬೆಲೆ ಅಥವಾ ಮಾರಿದರೆ ದೊರೆಯಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯದನ್ನೇ ದಾಸ್ತಾನು ಮೌಲ್ಯವಾಗಿ ತೋರಿಸತಕ್ಕದ್ದು. ಕೊಂಡ ಬೆಲೆಯನ್ನೇ ವರ್ಷವರ್ಷವೂ ಎಳೆದುಕೊಂಡು ಬರುವ ಅಂಗಡಿಗಳು ಇಲ್ಲದ ಲಾಭವನ್ನು ಇದೆಯೆಂದು ನಂಬಿ ತೆರಿಗೆಯನ್ನೂ ಕಟ್ಟುತ್ತವೆ! ಕೆಟ್ಟ ಆರು ಪ್ಲೇಯರುಗಳನ್ನು ಲೆಕ್ಕದಿಂದ ತೆಗೆದುಹಾಕಿದರೆ ಅವುಗಳ ಮೇಲೆ ಪಡೆದ ಜಿ.ಎಸ್.ಟಿ. ಇನ್‌ಪುಟ್ ಕ್ರೆಡಿಟನ್ನೂ ಹಿಂದಿರುಗಿಸಬೇಕು. ಬಿಲ್ಲಿಲ್ಲದೆ ತಂದ ಸರಕಿಗಂತೂ ಆ ಕ್ರೆಡಿಟ್ ಮೊದಲೇ ಇಲ್ಲ.

ಇದಕ್ಕಿಂತ ಗಂಭೀರವಾದುದು ತಯಾರಕರ ಹೆಸರಿಲ್ಲದ ಸರಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 86ನೇ ಕಲಮಿನಂತೆ, ಉತ್ಪನ್ನದ ದೋಷದಿಂದ ಯಾರಿಗಾದರೂ ಹಾನಿಯಾಗಿ, ತಯಾರಕ ಯಾರೆಂದು ತಿಳಿಯದೆ ಹೋದಲ್ಲಿ ಮಾರಿದವನೇ ಹೊಣೆಗಾರನಾಗಬಹುದು. ಒಳಗಿರುವುದು ಲಿಥಿಯಂ ಬ್ಯಾಟರಿ. ಉಬ್ಬಿ ಬೆಂಕಿ ಹೊತ್ತಿಕೊಂಡರೆ 150 ರೂ. ಲಾಭದ ಮಾತು ಎಲ್ಲಿ ನಿಂತೀತು? ಪೆಟ್ಟಿಗೆಯ ಮೇಲೆ ತಯಾರಕ ಅಥವಾ ಆಮದುದಾರನ ವಿಳಾಸ, ಬ್ಯಾಟರಿಯ ಮೇಲೆ ಬಿ.ಐ.ಎಸ್. ನೋಂದಣಿ ಗುರುತು ಇವೆಯೇ ಎಂದು ಕೊಳ್ಳುವಾಗಲೇ ನೋಡುವುದು ಉಚಿತ.

ಕೊನೆಯದಾಗಿ, ಗಿರಾಕಿಯನ್ನು ಒಲಿಸಲು ಅಂಗಡಿಯಲ್ಲೇ ಹಾಡು ತುಂಬಿಕೊಡುವ ಪದ್ಧತಿ. ಕೃತಿಸ್ವಾಮ್ಯ ಕಾಯಿದೆಯಲ್ಲಿ ಖಾಸಗಿ ಬಳಕೆಗಿರುವ ವಿನಾಯಿತಿ ವ್ಯಾಪಾರಿಯ ರಕ್ಷಣೆಗೆ ಬಾರದು. 63ನೇ ಕಲಮಿನಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂ.ಗಳಿಂದ 2 ಲಕ್ಷ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ. ಹಳೆಯ ಹಾಡಾದರೆ ತೊಂದರೆಯಿಲ್ಲ ಎಂಬ ಮಾತೂ ಅರ್ಧ ಸತ್ಯ. ಧ್ವನಿಮುದ್ರಣದ ಹಕ್ಕು ಪ್ರಕಟಣೆಯಾದ 60 ವರ್ಷಗಳ ತರುವಾಯ ಮುಗಿಯುವುದು ನಿಜ. ಆದರೆ ಸಾಹಿತ್ಯ ಮತ್ತು ಸ್ವರ ಸಂಯೋಜನೆಯ ಹಕ್ಕುಗಳು ಕೃತಿಕಾರನ ನಿಧನಾನಂತರ 60 ವರ್ಷಗಳವರೆಗೆ ಪ್ರತ್ಯೇಕವಾಗಿ ಉಳಿದಿರುತ್ತವೆ.