ಅಬ್ದುಲ್ ಕರೀಂ ವರ್ಸಸ್ ಕರ್ನಾಟಕ ಸರ್ಕಾರ

2000ದ ಜುಲೈ 30, ಭೀಮನ ಅಮಾವಾಸ್ಯೆ. ಆ ರಾತ್ರಿ ಗಾಜನೂರಿನಿಂದ ಕಾಡುಗಳ್ಳ ವೀರಪ್ಪನ್ ನಟ ರಾಜ್‌ಕುಮಾರ್ ಅವರನ್ನು ಎತ್ತಿಕೊಂಡು ಹೋದದ್ದು ಯಾರಿಗೆ ಮರೆತಿದೆ? ಥಿಯೇಟರುಗಳ ಬಾಗಿಲು ಬಿದ್ದದ್ದು, ಸಂಧಾನಕ್ಕೆ ಹೋದ ಪತ್ರಕರ್ತ ನಕ್ಕೀರನ್ ಗೋಪಾಲ್ ಕಾಡಿನಿಂದ ಬಂದಾಗಲೆಲ್ಲ ಕ್ಯಾಸೆಟ್ಟಿನಲ್ಲಿ ಏನಿದೆಯೋ ಎಂದು ಟಿ.ವಿ. ಮುಂದೆ ಕೂತದ್ದು, ಹೀಗೆ ನನ್ನ ವಾರಿಗೆಯವರು ಆ 108 ದಿನಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಅದೇ ದಿನಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಡೆದ ಮೊಕದ್ದಮೆಯ ಹೆಸರು ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ.

ವೀರಪ್ಪನ್‌ನ ಬೇಡಿಕೆಗಳಲ್ಲಿ ಕಾವೇರಿ ನೀರಿನ ವಿಷಯವಿತ್ತು, ತಿರುವಳ್ಳುವರ್ ಪ್ರತಿಮೆಯ ಅನಾವರಣವಿತ್ತು. ಜತೆಗೆ ಮೈಸೂರು ಜೈಲಿನಲ್ಲಿದ್ದ ಟಾಡಾ ಕೈದಿಗಳ ಬಿಡುಗಡೆಯೂ ಇತ್ತು. ಟಾಡಾ 1987ರ ಭಯೋತ್ಪಾದನೆ ತಡೆ ಕಾಯ್ದೆ. ಮಾಮೂಲಿ ಕಾನೂನಿನಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಟಾಡಾದಲ್ಲಿ ಎಸ್.ಪಿ. ದರ್ಜೆಯ ಅಧಿಕಾರಿ ಬರೆದುಕೊಂಡರೆ ಅದೇ ಸಾಕ್ಷ್ಯವಾಗುತ್ತಿತ್ತು. ಜಾಮೀನು ಸಿಗುವುದು ಬಲು ದುರ್ಲಭವಾಗಿತ್ತು. 1995ರ ಮೇನಲ್ಲಿ ಕಾಯ್ದೆ ಸತ್ತಿತು, ಹಾಕಿದ ಕೇಸುಗಳು ಸಾಯಲಿಲ್ಲ. ಒಳಗಿದ್ದವರಲ್ಲಿ ವೀರಪ್ಪನ್ ಕಡೆಯವರೂ ಇದ್ದರು, ಅವನನ್ನು ಕಣ್ಣಲ್ಲಿ ಕಾಣದ ಬೆಟ್ಟದ ತಪ್ಪಲಿನ ಬಡವರೂ ಇದ್ದರು. ಮಹದೇಶ್ವರ ಬೆಟ್ಟದಲ್ಲಿ ಪೊಲೀಸ್ ಕಾರ್ಯಪಡೆಯ ‘ವರ್ಕ್‌ಶಾಪ್’ ಎಂದರೆ ಗಾಡಿ ರಿಪೇರಿಯ ಜಾಗವಲ್ಲ ಎಂದು ಆ ಸೀಮೆಯವರಿಗೆಲ್ಲ ಗೊತ್ತಿತ್ತು. ಆ ದೌರ್ಜನ್ಯದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಹಳ್ಳಿಗರು ಅಳುತ್ತ ಹೇಳಿಕೊಂಡದ್ದು ಅಲ್ಲಿನ ಏಟುಗಳನ್ನೇ.

ಈ ಕೈದಿಗಳನ್ನು ಬಿಡಲು ಎಸ್.ಎಂ. ಕೃಷ್ಣ ಸರ್ಕಾರ ಒಪ್ಪಿತು. ವಿಶೇಷ ಪಬ್ಲಿಕ್ ಪ್ರಾಸಿಕ್ಯೂಟರ್ ಟಾಡಾ ಆರೋಪಗಳನ್ನು ಕೈಬಿಡುತ್ತೇವೆಂದು ಅರ್ಜಿ ಹಾಕಿದರು. ಮೈಸೂರಿನ ಟಾಡಾ ಕೋರ್ಟು ಆಗಸ್ಟ್ 19ರಂದು ಅನುಮತಿ ಕೊಟ್ಟಿತು. ಇನ್ನೇನು ಜೈಲಿನ ಬಾಗಿಲು ತೆರೆಯಬೇಕು ಎನ್ನುವಾಗ ಅಡ್ಡ ನಿಂತವರು ನಿವೃತ್ತ ಪೊಲೀಸ್ ಅಧಿಕಾರಿ ಅಬ್ದುಲ್ ಕರೀಂ. ಅವರ ಮಗ, ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್, 1992ರ ಆಗಸ್ಟ್ 14ರಂದು ಎಸ್.ಪಿ. ಹರಿಕೃಷ್ಣ ಅವರ ಜತೆ ಮೀಣ್ಯಂ ಬಳಿ ವೀರಪ್ಪನ್ ಹೂಡಿದ ಸಂಚಿಗೆ ಬಲಿಯಾಗಿದ್ದರು. ಎಂಟು ವರ್ಷಕ್ಕೆ, ಅದೇ ಆಗಸ್ಟಿನಲ್ಲಿ, ಈ ತಂದೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ನಾಡೆಲ್ಲ ಅಣ್ಣಾವ್ರಿಗಾಗಿ ಹರಕೆ ಹೊರುತ್ತಿದ್ದ ಹೊತ್ತು. ‘ಈಗ ಬೇಕಿತ್ತಾ ಇವರಿಗೆ?’ ಅಂದವರಲ್ಲಿ ನಾನೂ ಒಬ್ಬ. ಒಬ್ಬರ ಮಗ ಸತ್ತ ತಿಂಗಳಲ್ಲಿ ಅವರ ಮೇಲೆ ಸಿಟ್ಟಾಗಿದ್ದೆನೆಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ತೀರ್ಪು ಓದುವಾಗ.

ಆಗಸ್ಟ್ ಕೊನೆಗೆ ತಡೆ ಬಿತ್ತು. ನವೆಂಬರ್ 7ರಂದು ಭರೂಚಾ, ಮೊಹಾಪಾತ್ರ, ಸಭರ್ವಾಲ್ ಅವರ ಪೀಠ ಮೈಸೂರು ಕೋರ್ಟಿನ ಆದೇಶವನ್ನೇ ರದ್ದು ಮಾಡಿತು. ಎಲ್ಲವೂ ನಿಂತಿದ್ದು ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮಿನ ಮೇಲೆ. ಕೇಸು ಹಿಂತೆಗೆಯುವವನು ಮುಖ್ಯಮಂತ್ರಿಯಲ್ಲ, ಗೃಹ ಸಚಿವನೂ ಅಲ್ಲ, ಪ್ರಾಸಿಕ್ಯೂಟರ್. ಅವನೂ ಕಡತ ಓದಿ, ಸ್ವಂತ ಬುದ್ಧಿಯಿಂದ ತೀರ್ಮಾನಿಸಬೇಕು. ಆಮೇಲೆ ಕೋರ್ಟು ಒಪ್ಪಬೇಕು. ಇಲ್ಲಿ ಪ್ರಾಸಿಕ್ಯೂಟರ್ ಅಂಚೆಯಣ್ಣನ ಕೆಲಸ ಮಾಡಿದ್ದರು: ವಿಧಾನಸೌಧದಿಂದ ಬಂದದ್ದು ಮೈಸೂರಿಗೆ ತಲುಪಿತ್ತು. ಎಂಟು ದಿನಕ್ಕೆ, ನವೆಂಬರ್ 15ರಂದು, ರಾಜ್‌ಕುಮಾರ್ ಬಿಡುಗಡೆಯಾದರು. ಹೇಗೆ, ಏನು ಕೊಟ್ಟು ಎಂಬ ಊಹಾಪೋಹಗಳು ಇಲ್ಲಿ ಬೇಡ.

ಆದರೆ ನನಗೆ ಇವತ್ತಿಗೂ ನುಂಗಲಾಗದ್ದು ಬೇರೆಯೇ. 2001ರ ಸೆಪ್ಟೆಂಬರಿನಲ್ಲಿ ಅದೇ ಮೈಸೂರು ಕೋರ್ಟು ತೀರ್ಪು ಕೊಟ್ಟಾಗ ನೂರಕ್ಕೂ ಹೆಚ್ಚು ಮಂದಿ ಖುಲಾಸೆಯಾದರು. ಕರೀಂ ಅವರ ವಾದ ಸರಿ, ಪೀಠದ ತೀರ್ಪೂ ಸರಿ. ಹಾಗಿದ್ದೂ ಆ ಸರಿಯ ಅಡಿಯಲ್ಲಿ ನಿರಪರಾಧಿಗಳು ಮತ್ತೊಂದು ವರ್ಷ ಆರೋಪ ಹೊತ್ತು ಕಾದರು. ವರ್ಷಗಟ್ಟಲೆ ಸರ್ಕಾರ ಬಿಚ್ಚಿ ನೋಡದ ಕಡತ ಮೂರೇ ವಾರದಲ್ಲಿ ಬಿಚ್ಚಿಕೊಂಡಿತ್ತಲ್ಲ, ಅದೂ ಕಾಡಿನಿಂದ ಬಂದ ಕ್ಯಾಸೆಟ್ಟಿಗೆ! ಜೈಲಿನಿಂದ ಬಂದ ಯಾವ ಅರ್ಜಿಗೂ ಆ ಗತ್ತು ಇರಲಿಲ್ಲ.

ಅದೇ ತೀರ್ಪಿನಲ್ಲಿ ಶಿಕ್ಷೆಯಾದವರಲ್ಲಿ ನಾಲ್ವರು, 1993ರ ಪಾಲಾರ್ ಸ್ಫೋಟದಲ್ಲಿ 22 ಮಂದಿಯನ್ನು ಕೊಂದ ಆರೋಪದವರು, ಜೀವಾವಧಿ ಶಿಕ್ಷೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2004ರಲ್ಲಿ ಕೋರ್ಟು ಅದನ್ನು ಗಲ್ಲು ಶಿಕ್ಷೆಗೆ ಏರಿಸಿತು. ಅವರ ಕ್ಷಮಾದಾನದ ಅರ್ಜಿ ದೆಹಲಿಯಲ್ಲಿ ಒಂಬತ್ತು ವರ್ಷ ಕೂತು, 2013ರ ಫೆಬ್ರವರಿಯಲ್ಲಿ ತಿರಸ್ಕೃತವಾಯಿತು. ಮರುವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಒಂಬತ್ತು ವರ್ಷದ ವಿಳಂಬವನ್ನೇ ಎಣಿಸಿ, ನಾಲ್ವರನ್ನೂ ಮತ್ತೆ ಜೀವಾವಧಿಗೆ ಇಳಿಸಿತು.