ಬಿದಿರು ಮೆಳೆ: ಯಾವ ಬೊಂಬನ್ನು ಕಡಿಯಬೇಕು?

ಏಣಿ, ಮೊರ, ಬುಟ್ಟಿ, ಅಡಿಕೆ ದೋಟಿ, ಬಾಳೆಗೆ ಊರೆ, ರೇಷ್ಮೆ ಹುಳುವಿನ ಚಂದ್ರಿಕೆ - ಹೀಗೆ ಬಿದಿರಿಲ್ಲದೆ ನಡೆಯದ ಕೆಲಸಗಳು ರೈತನಿಗೆ ಹಲವು. ಹಿತ್ತಲಿನಲ್ಲಿ ಅಥವಾ ಬದುವಿನ ಮೇಲೆ ನಾಲ್ಕಾರು ಮೆಳೆಗಳಿದ್ದರೆ ಮನೆಯ ಅಗತ್ಯ ಪೂರೈಸಿ, ಮಿಕ್ಕಿದ್ದನ್ನು ಮಾರಬಹುದು. ಆದರೆ ಚೆನ್ನಾಗಿ ಬೆಳೆದ ಮೆಳೆಯೂ ಕೆಲವೊಮ್ಮೆ ಸೊರಗಿ, ಸಣ್ಣ ಡೊಂಕು ಬೊಂಬುಗಳ ಪೊದೆಯಾಗಿಬಿಡುತ್ತದೆ. ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಕಟಾವಿನಲ್ಲಿ ಆಗುವ ತಪ್ಪು.

ಮೆಳೆ ಬೆಳೆಯುವ ರೀತಿ

ಬಿದಿರು ಹುಲ್ಲಿನ ಜಾತಿಗೆ ಸೇರಿದ ಸಸ್ಯ. ಮಳೆಗಾಲದಲ್ಲಿ ಬುಡದ ಗೆಡ್ಡೆಯಿಂದ ಕಳಲೆ ಹೊರಡುತ್ತದೆ. ಅದು ಕೆಲವೇ ತಿಂಗಳುಗಳಲ್ಲಿ ತನ್ನ ಪೂರ್ಣ ಎತ್ತರ ಮುಟ್ಟುತ್ತದೆ. ಅನಂತರ ಬೊಂಬು ಎತ್ತರವಾಗುವುದಿಲ್ಲ, ದಪ್ಪವಾಗುವುದೂ ಇಲ್ಲ, ಬಲಿಯುತ್ತದೆ ಅಷ್ಟೆ. ಪೂರ್ಣ ಬಲಿಯಲು ಸುಮಾರು 3 ವರ್ಷ ಬೇಕು.

ಗೆಡ್ಡೆ ಹೊರಮುಖವಾಗಿ ಹರಡುವುದರಿಂದ ಹೊಸ ಬೊಂಬುಗಳು ಮೆಳೆಯ ಅಂಚಿನಲ್ಲಿಯೂ ಹಳೆಯವು ನಡುವಿನಲ್ಲಿಯೂ ಇರುತ್ತವೆ. ಮುಂದಿನ ವರ್ಷದ ಕಳಲೆಗೆ ಆಹಾರ ಒದಗಿಸುವಲ್ಲಿ 1-2 ವರ್ಷದ ಬೊಂಬುಗಳ ಪಾತ್ರ ದೊಡ್ಡದು. ಕತ್ತಿ ಹಿಡಿದು ಹೋದವರ ಕೈಗೆ ಮೊದಲು ಸಿಗುವುದೂ ಅಂಚಿನ ಈ ಎಳೆಯ ಬೊಂಬುಗಳೇ. ಅವನ್ನು ಕಡಿದರೆ ನಡುವೆ ಮುದಿ ಬೊಂಬುಗಳು ಒತ್ತಾಗಿ ಉಳಿದು ಮೆಳೆ ಕ್ಷೀಣಿಸುತ್ತದೆ. ಕಡಿದ ಎಳೆ ಬೊಂಬೂ ಬಾಳಿಕೆ ಬಾರದು.

ವಯಸ್ಸನ್ನು ಗುರುತಿಸುವುದು

ಒಂದು ವರ್ಷದೊಳಗಿನ ಬೊಂಬು ಹಚ್ಚಹಸಿರಾಗಿದ್ದು, ಅದರ ಮೇಲೆ ಬಿಳಿ ಪುಡಿಯೂ ಗಿಣ್ಣುಗಳಲ್ಲಿ ಒಣ ಪೊರೆಗಳೂ ಇರುತ್ತವೆ. ಎರಡನೆಯ ವರ್ಷ ಪೊರೆಗಳು ಉದುರಿ ಕೊಂಬೆಗಳು ಹರಡುತ್ತವೆ. ಮೂರು ವರ್ಷ ದಾಟಿದ ಬೊಂಬಿನ ಬಣ್ಣ ಮಾಸಿ, ಕಲ್ಲುಹೂವಿನಂಥ ಮಚ್ಚೆಗಳು ಕಾಣುತ್ತವೆ. ಪ್ರತಿವರ್ಷ ಹೊಸ ಬೊಂಬುಗಳಿಗೆ ಬೇರೆ ಬೇರೆ ಬಣ್ಣದ ಗುರುತು ಹಾಕಿದರೆ ಕಟಾವಿನ ಸಮಯದಲ್ಲಿ ಅನುಮಾನಕ್ಕೆ ಎಡೆಯಿರದು.

ಕಟಾವಿನ ಕ್ರಮ

* ನೆಟ್ಟ ಮೊದಲ 4 ವರ್ಷ ಕಡಿಯಬಾರದು. ಒಣಗಿದ, ಮುರಿದ ಬೊಂಬುಗಳನ್ನು ಮಾತ್ರ ತೆಗೆಯಬೇಕು.
* ಕಳಲೆ ಹೊರಡುವ ಮಳೆಗಾಲದಲ್ಲಿ ಕಟಾವು ಕೂಡದು. ಚಳಿಗಾಲ ಸೂಕ್ತ.
* ಮೆಳೆಯ ಒಂದು ಬದಿಯಲ್ಲಿ ದಾರಿ ಬಿಡಿಸಿಕೊಂಡು ಒಳಹೊಕ್ಕು, ನಡುವಿನ ಬಲಿತ ಬೊಂಬುಗಳನ್ನು ತೆಗೆಯಬೇಕು. ಆಗ ಉಳಿದ ಮೆಳೆ ಲಾಳದ ಆಕಾರದಲ್ಲಿ ನಿಲ್ಲುತ್ತದೆ.
* ನೆಲದಿಂದ ಮೊದಲ ಅಥವಾ ಎರಡನೆಯ ಗಿಣ್ಣಿನ ಮೇಲೆ, ಗಿಣ್ಣಿಗೆ ತಾಗಿದಂತೆ ಹರಿತವಾದ ಕತ್ತಿಯಿಂದ ಕಡಿಯಬೇಕು. ಉದ್ದ ಮೋಟು ಬಿಟ್ಟರೆ ನೀರು ನಿಂತು ಕೊಳೆಯುತ್ತದೆ. ಮುಂದಿನ ಕಟಾವಿಗೂ ಅಡ್ಡಿ.
* ಎಳೆಯ ಬೊಂಬುಗಳ ಜೊತೆಗೆ ಕನಿಷ್ಠ 8 ಬಲಿತ ಬೊಂಬುಗಳನ್ನು ಆಧಾರಕ್ಕಾಗಿ ಮೆಳೆಯ ಸುತ್ತ ಹರಡಿದಂತೆ ಉಳಿಸಬೇಕು.

ಕಡಿದ ಬೊಂಬುಗಳನ್ನು ಕೆಲವು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟು ನೆರಳಿನಲ್ಲಿ ಒಣಗಿಸಿದರೆ ಪಿಷ್ಟ ಕಡಿಮೆಯಾಗಿ ಕುಟ್ಟೆ ಹುಳುವಿನ ಬಾಧೆ ತಗ್ಗುತ್ತದೆ. ಮಳೆಗೆ ಮುನ್ನ ಮೆಳೆಯ ಬುಡಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿ ಮಣ್ಣೇರಿಸಬೇಕು.

ಹೊಸದಾಗಿ ನೆಡುವವರಿಗೆ

ಬಯಲುಸೀಮೆಗೆ ಕಿರುಬಿದಿರು (ಡೆಂಡ್ರೊಕೆಲಾಮಸ್ ಸ್ಟ್ರಿಕ್ಟಸ್) ಒಗ್ಗುತ್ತದೆ. ಹೆಚ್ಚು ಮಳೆಯ ಮಲೆನಾಡಿಗೆ ಹಾಗೂ ಹೊಳೆಯ ದಂಡೆಗೆ ಮುಳ್ಳಿರುವ ಹೆಬ್ಬಿದಿರು (ಬ್ಯಾಂಬುಸಾ ಬ್ಯಾಂಬೋಸ್) ಹೊಂದುತ್ತದೆ. ನೀರು ನಿಲ್ಲುವ ಜಾಗ ಎರಡಕ್ಕೂ ಆಗದು. ಕಿರುಬಿದಿರನ್ನು 5 ಮೀಟರ್ ಅಂತರದಲ್ಲಿ, 60 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿಗಳಲ್ಲಿ ಮುಂಗಾರಿನ ಆರಂಭಕ್ಕೆ ನೆಡಬೇಕು. ಈ ಅಂತರದಲ್ಲಿ ಎಕರೆಗೆ ಸುಮಾರು 160 ಗಿಡಗಳು ಹಿಡಿಯುತ್ತವೆ. ಹೆಬ್ಬಿದಿರಿಗೆ ಇದಕ್ಕಿಂತ ಹೆಚ್ಚು ಅಂತರ ಬೇಕು.

ಈ ಬಿದಿರುಗಳ ಮೆಳೆ ಹೂಬಿಟ್ಟು ಬಿದಿರಕ್ಕಿ ಕಟ್ಟಿದ ಮೇಲೆ ಸಾಯುತ್ತದೆ. ಹೆಬ್ಬಿದಿರಿನಲ್ಲಿ ಈ ಅವಧಿ ಸುಮಾರು 40ರಿಂದ 50 ವರ್ಷ. ಗೆಡ್ಡೆಯಿಂದ ಬೆಳೆಸಿದ ಸಸಿ ತಾಯಿ ಮೆಳೆಯ ವಯಸ್ಸನ್ನೇ ಹೊತ್ತು ಬರುವುದರಿಂದ ಮುದಿ ಮೆಳೆಯ ಗೆಡ್ಡೆಯನ್ನು ನೆಟ್ಟವರಿಗೆ ನಷ್ಟ ಖಂಡಿತ. ಬೀಜದಿಂದ ಬೆಳೆಸಿದ ಸಸಿ ಅಥವಾ ವಯಸ್ಸು ತಿಳಿದಿರುವ ಮೆಳೆಯ ಗೆಡ್ಡೆಯನ್ನೇ ಆರಿಸಬೇಕು.

ಮಾರಾಟಕ್ಕೆ ಸಾಗಿಸುವ ಮುನ್ನ ಪರವಾನಗಿಯ ವಿಷಯವನ್ನು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಎಳೆಯದನ್ನು ಉಳಿಸಿ ಬಲಿತದ್ದನ್ನು ಕಡಿಯುವ ರೈತನಿಗೆ ಮೆಳೆ ವರ್ಷವರ್ಷವೂ ಫಲ ಕೊಡುತ್ತದೆ.